ಹಿಂದಿನ ಸೀಟಿನ ಬಾಗಿಲು

ಕಾರು ನಮ್ಮ ಮನೆಗೆ ಬಂದಾಗ ಅದರ ಜೊತೆ ಎರಡು ಕೀ, ಇನ್ಶೂರೆನ್ಸ್ ಕಾಗದಪತ್ರ, ಮತ್ತೆ ಒಂದು ಸೂಚನೆ ಬಂತು. “ಎಡಗಡೆ ಹಿಂದಿನ ಡೋರ್ ಒಳಗಿಂದ ತೆಗೆಯಕ್ಕೆ ಬರಲ್ಲ ಕಣೇ, ಹೊರಗಿಂದ ಯಾರಾದ್ರೂ ತೆಗೀಬೇಕು. ಅದು ಬಿಟ್ರೆ ಗಾಡಿ ಫಸ್ಟ್ ಕ್ಲಾಸ್” ಅಂದ ದೊಡ್ಡಪ್ಪನ ಮಗ. ಅವನು ಹೇಳಿದ್ದು ನಿಜವೇ. ಹತ್ತು ವರ್ಷದ ಹಳೆಯ ಗಾಡಿಯಾದರೂ ಇಂಜಿನ್ ಮೆತ್ತಗೆ ಓಡುತ್ತಿತ್ತು, ಟೈರುಗಳು ಹೊಸವು, ಎ.ಸಿ. ತಣ್ಣಗೆ ಬರುತ್ತಿತ್ತು. ಸರ್ವೀಸ್ ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿ ತಾರೀಕಿನ ಪ್ರಕಾರ ಜೋಡಿಸಿ ಕೊಟ್ಟಿದ್ದ.

ಆ ಫೈಲನ್ನು ತಿರುವಿಹಾಕಿದ ಮೇಲೇ ನನ್ನನ್ನು ಒಂದು ಪ್ರಶ್ನೆ ಕಾಡಲು ಶುರುವಾದದ್ದು. ಬ್ರೇಕ್ ಸ್ವಲ್ಪ ಕಿರುಗುಟ್ಟಿದ್ದಕ್ಕೆ ಪ್ಯಾಡ್ ಬದಲಿಸಿದ ಬಿಲ್ ಇತ್ತು. ವೈಪರ್ ಬ್ಲೇಡಿಗೆ ಇತ್ತು. ಡ್ರೈವರ್ ಕಡೆಯ ಕಿಟಕಿ ಗಾಜು ನಿಧಾನ ಏರುತ್ತದೆ ಅಂತ ವಿಂಡೋ ಮಷಿನ್ ಬದಲಿಸಿದ್ದಕ್ಕೂ ಇತ್ತು. ಇಷ್ಟು ಮುತುವರ್ಜಿಯ ಮನೆಯಲ್ಲಿ ಒಂದು ಬಾಗಿಲು ಒಳಗಿಂದ ತೆರೆಯದೆ ವರ್ಷಗಟ್ಟಲೆ ಉಳಿದದ್ದು ಹೇಗೆ? ಯೋಚಿಸುತ್ತಾ ಹೋದ ಹಾಗೆ ನನಗೆ ಹೊಳೆದ ಉತ್ತರ ಒಂದೇ. ಆ ಸೀಟಿನಲ್ಲಿ ಗಾಡಿ ಓಡಿಸುವವರು ಯಾವತ್ತೂ ಕೂರುವುದಿಲ್ಲ. ಅಲ್ಲಿ ಕೂರುವವರು ದೊಡ್ಡಮ್ಮ, ಮಕ್ಕಳು, ಊರಿಂದ ಬಂದ ನೆಂಟರು. ಅವರು ಗ್ಯಾರೇಜಿಗೆ ಹೋಗುವವರಲ್ಲ, ಬಿಲ್ ಕೊಡುವವರಲ್ಲ. ಬಾಗಿಲು ತೆರೆಯದಿದ್ದರೆ “ಸ್ವಲ್ಪ ತೆಗೀರಪ್ಪ” ಅಂತ ಕೇಳುತ್ತಾರೆ, ಯಾರಾದರೂ ಬಂದು ತೆಗೆಯುತ್ತಾರೆ, ಅಲ್ಲಿಗೆ ಮುಗಿಯಿತು. ಗಾಡಿಯ ಒಂದೊಂದು ದೋಷವೂ ಒಬ್ಬೊಬ್ಬರ ಪಾಲಿಗೆ ಬಿದ್ದಿರುತ್ತದೆ. ಸ್ಟಿಯರಿಂಗ್ ಹಿಡಿದವರ ಪಾಲಿಗೆ ಬಿದ್ದದ್ದು ಅದೇ ವಾರ ರಿಪೇರಿಯಾಗುತ್ತದೆ. ಹಿಂದೆ ಕೂತವರ ಪಾಲಿಗೆ ಬಿದ್ದದ್ದನ್ನು ಅವರು ಅಭ್ಯಾಸ ಮಾಡಿಕೊಳ್ಳುತ್ತಾರೆ.

ನಮ್ಮ ಮನೆಯಲ್ಲಿ ಆ ಪಾಲು ಅಮ್ಮನದಾಯಿತು.

ಛತ್ರದ ಮುಂದೆ

ಸಾಗರದಲ್ಲಿ ಒಂದು ಮದುವೆ. ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತಗಳು ಅನ್ನುವ ಕಾಲ, ಮಳೆ ಆಗಲೇ ಹಿಡಿದಿತ್ತು. ಮಲೆನಾಡಿನಲ್ಲಿ ಇರುವವರಿಗೆ ಜೂನ್ ತಿಂಗಳ ಮದುವೆ ಮನೆಯ ಅಂಗಳ ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ. ಛತ್ರದ ಮೆಟ್ಟಿಲ ಹತ್ತಿರ ಗಾಡಿ ನಿಲ್ಲಿಸಿ ಜನರನ್ನು ಇಳಿಸಿ ಮುಂದೆ ಹೋಗಬೇಕು, ಹಿಂದೆ ಗಾಡಿಗಳ ಸಾಲು. ನಮ್ಮವರು ಸ್ಟಿಯರಿಂಗಿನಲ್ಲಿ, ನಾನು ಮುಂದೆ ಅವರ ಪಕ್ಕ, ಹಿಂದೆ ಎಡಗಡೆ ಅಮ್ಮ, ಬಲಗಡೆ ಮಗ. ಗಾಡಿ ಇನ್ನೂ ಮೆಟ್ಟಿಲ ಹತ್ತಿರ ಬರುವ ಮುಂಚೆಯೇ ಹಿಂದಿನ ಕಿಟಕಿಯ ಗಾಜು ಇಳಿಯುವ ಸದ್ದು ಕೇಳಿತು. ತಿರುಗಿ ನೋಡಿದರೆ ಅಮ್ಮ ಗಾಜು ಪೂರ್ತಿ ಇಳಿಸಿ, ಬಲಗೈಯಿಂದ ಕಿಟಕಿಯ ಅಂಚು ಹಿಡಿದು, ಎಡಗೈಯನ್ನು ಮೊಣಕೈವರೆಗೆ ಹೊರಗೆ ಹಾಕಿ ಕೆಳಗೆ ಹೊರಗಿನ ಹಿಡಿಯನ್ನು ತಡಕುತ್ತಿದ್ದರು. ರೇಷ್ಮೆ ಸೀರೆಯ ರವಿಕೆ ತೋಳು ತೊಯ್ದು ಗಾಢ ಬಣ್ಣಕ್ಕೆ ತಿರುಗಿತ್ತು. ಬಳೆ ಬಾಗಿಲಿನ ತಗಡಿಗೆ ತಾಗುತ್ತಿತ್ತು.

“ಅಮ್ಮಾ, ಇರು, ನಾನು ಇಳಿದು ತೆಗೀತೀನಿ” ಅಂದೆ. “ಬೇಡ ಬಿಡೇ, ಹಿಂದೆ ಗಾಡಿಯೋರು ಹಾರ್ನ್ ಹೊಡೀತಾರೆ. ನಂಗೆ ಈಗ ರೂಢಿ ಆಗಿದೆ” ಅಂದರು. ಹಿಡಿ ಸಿಕ್ಕಿತು, ಬಾಗಿಲು ತೆರೆಯಿತು, ಕೊಡೆ ಬಿಚ್ಚಿ ಇಳಿದರು.

ಅವರು ಆ ಕ್ರಮವನ್ನು ತಾವೇ ಯೋಚಿಸಿ ಕಂಡುಕೊಂಡಿದ್ದರು. ಇಗ್ನಿಷನ್ ಆಫ್ ಆದ ಮೇಲೆ ಪವರ್ ವಿಂಡೋ ಇಳಿಯುವುದಿಲ್ಲ, ಹಾಗಾಗಿ ಗಾಡಿ ನಿಲ್ಲುವ ಮುಂಚೆಯೇ ಗಾಜು ಇಳಿಸಿಟ್ಟುಕೊಳ್ಳಬೇಕು. ಎಡಗೈಯಲ್ಲೇ ಹಾಕಬೇಕು, ಬಲಗೈ ಹಾಕಿದರೆ ಮೈ ಪೂರ್ತಿ ತಿರುಗಿಸಬೇಕಾಗುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿದ್ದು ಯಾರನ್ನೂ ಕಾಯಿಸಬಾರದು, ಯಾರಿಗೂ ಭಾರವಾಗಬಾರದು ಅಂತ. ಮಂಡಿನೋವಿರುವ, ಎಪ್ಪತ್ತು ದಾಟಿದ ಹೆಂಗಸು ಒಂದು ಮುರಿದ ಬಾಗಿಲಿಗೆ ತನ್ನನ್ನು ಒಗ್ಗಿಸಿಕೊಂಡ ಆ ಪರಿ ನನಗೆ ಅವತ್ತು ಊಟದ ಪಂಕ್ತಿಯಲ್ಲಿ ಕೂತಾಗಲೂ ನೆನಪಾಗುತ್ತಲೇ ಇತ್ತು.

ಅದರ ಜೊತೆ ಇನ್ನೊಂದು ವಿಚಾರವೂ ತಲೆಗೆ ಬಂತು, ಅದು ಇನ್ನೂ ತೀವ್ರವಾದದ್ದು. ಬಲಗಡೆ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿತ್ತು. ಮಗನಿಗೆ ಆರು ವರ್ಷ, ಓಡುವ ಗಾಡಿಯಲ್ಲಿ ಹಿಡಿ ಎಳೆಯಬಾರದಲ್ಲ, ಅದಕ್ಕೆ. ಚೈಲ್ಡ್ ಲಾಕ್ ಹಾಕಿದ ಬಾಗಿಲು ಒಳಗಿಂದ ತೆರೆಯುವುದಿಲ್ಲ. ಎಡಗಡೆಯದು ಕೆಟ್ಟು ತೆರೆಯುವುದಿಲ್ಲ. ಅಂದರೆ ಮುಂದೆ ಕೂತ ಇಬ್ಬರಿಗೆ ಪ್ರಜ್ಞೆ ತಪ್ಪುವಂಥದ್ದು ಏನಾದರೂ ಆಗಿ, ಬ್ಯಾಟರಿಯೂ ಹೋಗಿ, ಕಿಟಕಿ ಇಳಿಯದೆ ಹೋದರೆ ಅಜ್ಜಿ ಮೊಮ್ಮಗ ಇಬ್ಬರಿಗೂ ಹೊರಬರುವ ದಾರಿಯೇ ಇಲ್ಲ. ಶರಾವತಿ ಹಿನ್ನೀರಿನ ಪಕ್ಕದ ರಸ್ತೆಗಳಲ್ಲಿ, ಘಾಟಿಯಲ್ಲಿ ಓಡಾಡುವ ನಮಗೆ ಇದು ದೂರದ ಮಾತಲ್ಲ. ಛತ್ರದಿಂದ ಹೊರಡುವ ಮುಂಚೆಯೇ ಬಲಗಡೆಯ ಚೈಲ್ಡ್ ಲಾಕ್ ತೆಗೆದೆ. ಎಡಗಡೆಯದನ್ನು ನಾನೇ ಬಿಚ್ಚಿ ನೋಡುವುದು ಅಂತ ನಿರ್ಧಾರವಾದದ್ದು ಅಲ್ಲೇ.

ಮುಚ್ಚಿಕೊಂಡಿರಬೇಕು, ತೆರೆಯಲೂ ಬೇಕು

ಕಾರಿನ ಬಾಗಿಲಿನಿಂದ ನಾವು ಎರಡು ವಿರುದ್ಧ ಕೆಲಸಗಳನ್ನು ಕೇಳುತ್ತೇವೆ. ಡಿಕ್ಕಿಯಾದಾಗ ಅದು ತಾನಾಗಿ ತೆರೆದುಕೊಳ್ಳಬಾರದು. ಡಿಕ್ಕಿ ಮುಗಿದ ಮರುಕ್ಷಣ ಕೈ ಹಾಕಿದರೆ ತೆರೆಯಬೇಕು. ಮೊದಲನೆಯದನ್ನು ಜಗತ್ತು ಕಲಿತದ್ದು 1950ರ ದಶಕದಲ್ಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಅಪಘಾತಗಳನ್ನು ಅಧ್ಯಯನ ಮಾಡಿ, ಬಾಗಿಲು ತೆರೆದುಕೊಂಡು ಜನ ಹೊರಗೆ ಎಸೆಯಲ್ಪಡುವುದೇ ದೊಡ್ಡ ಅಪಾಯ ಅಂತ ತೋರಿಸಿದರು. ಅದರ ಬೆನ್ನಲ್ಲೇ 1956ರ ಫೋರ್ಡ್ ಕಾರುಗಳು ಡಿಕ್ಕಿಯಲ್ಲಿ ಬಿಚ್ಚಿಕೊಳ್ಳದ ಸೇಫ್ಟಿ ಲ್ಯಾಚ್ ಹೊತ್ತು ಬಂದವು. ಅದೇ 1956ರಲ್ಲಿ ಪ್ಯಾಕರ್ಡ್ ಕಂಪನಿ ತನ್ನ ದುಬಾರಿ ಕಾರುಗಳಲ್ಲಿ ವಿದ್ಯುತ್ತಿನಿಂದ ಬಾಗಿಲು ಲಾಕ್ ಮಾಡುವ ಏರ್ಪಾಡನ್ನು ತಂದಿತು. ಬಾಗಿಲು ಬಿಗಿಯಾಗಿ ಹಿಡಿದುಕೊಳ್ಳುವುದು, ಒಂದು ಗುಂಡಿಯಲ್ಲಿ ಎಲ್ಲ ಬಾಗಿಲೂ ಲಾಕ್ ಆಗುವ ಸೆಂಟ್ರಲ್ ಲಾಕ್, ಎರಡೂ ಆಮೇಲೆ ಸಾಮಾನ್ಯವಾದವು.

ತೆರೆಯುವ ಕಡೆಯ ಚಿಂತೆ ಹಿಂದೆ ಬಿತ್ತು ಅಂತ ನನಗೆ ಅನಿಸುತ್ತದೆ. ನಮ್ಮ ಅಂಬಾಸಡರ್ ಕಾಲದಲ್ಲಿ ಕಿಟಕಿ ಅಂಚಿನ ಗುಬ್ಬಿಯನ್ನು ಬೆರಳಲ್ಲಿ ಎತ್ತಿದರೆ ಲಾಕ್ ಬಿಡುತ್ತಿತ್ತು, ಬ್ಯಾಟರಿ ಇದ್ದರೂ ಇಲ್ಲದಿದ್ದರೂ. ಸೆಂಟ್ರಲ್ ಲಾಕ್ ಬಂದ ಮೇಲೆ ಕರೆಂಟ್ ಹೋದಾಗ ಏನು ಅನ್ನುವುದು ಹೊಸ ಪ್ರಶ್ನೆ. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಏರ್‌ಬ್ಯಾಗ್, ವೇಗದ ಎಚ್ಚರಿಕೆ, ಸೀಟ್ ಬೆಲ್ಟ್ ಸೂಚನೆ, ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದಾಗ ಅದೇ ಪಟ್ಟಿಯಲ್ಲಿ ಸೆಂಟ್ರಲ್ ಲಾಕನ್ನು ಕೈಯಿಂದ ತೆರೆಯುವ ವ್ಯವಸ್ಥೆಯೂ ಇತ್ತು. ಏರ್‌ಬ್ಯಾಗಿನ ಬಗ್ಗೆ ಎಲ್ಲರೂ ಮಾತಾಡಿದರು, ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲಿಲ್ಲ. ನನಗೆ ಇದು ಅದಕ್ಕಿಂತ ಕಡಿಮೆಯದಾಗಿ ಕಾಣುವುದಿಲ್ಲ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಮಕ್ಕಳು ಸಿಕ್ಕಿಬಿದ್ದ ಸುದ್ದಿ ಬೇಸಿಗೆ ಬಂತೆಂದರೆ ಓದುತ್ತಲೇ ಇರುತ್ತೇವೆ. 2005ರಲ್ಲಿ ಪೀಡಿಯಾಟ್ರಿಕ್ಸ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗಿನ ಶಾಖ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಆ ಏರಿಕೆಯ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿಬಿಡುತ್ತದೆ, ಹೊರಗಿನ ಹವೆ ತಂಪಾಗಿದ್ದರೂ ಅಷ್ಟೇ. ಒಳಗಿನ ಹಿಡಿ ಕೆಲಸ ಮಾಡದ ಹಿಂದಿನ ಬಾಗಿಲನ್ನು ‘ಸಣ್ಣ ತೊಂದರೆ’ ಅಂತ ಪಕ್ಕಕ್ಕಿಡಲು ನನಗೆ ಮನಸ್ಸು ಒಪ್ಪದಿದ್ದದ್ದು ಇದಕ್ಕೇ.

ಡೋರ್ ಪ್ಯಾಡ್ ಬಿಚ್ಚಿದಾಗ

ಮೊದಲು ನೋಡಬೇಕಾದದ್ದು ಚೈಲ್ಡ್ ಲಾಕ್. ಬಾಗಿಲು ತೆರೆದರೆ ಅಂಚಿನಲ್ಲಿ, ಲಾಕಿನ ಬಾಯಿಯ ಕೆಳಗೆ, ಅದನ್ನು ಹಾಕಿ ತೆಗೆಯುವ ಒಂದು ಪುಟ್ಟ ಸನ್ನೆಕೋಲು ಇರುತ್ತದೆ. ಒಳಗಿಂದ ತೆರೆಯದ ಹಿಂದಿನ ಬಾಗಿಲುಗಳಲ್ಲಿ ಎಷ್ಟೋ ಸಲ ಅದೇ ಕಾರಣ, ಗಾಡಿ ತೊಳೆಯುವಾಗ ಬಟ್ಟೆ ತಾಗಿ ಕೂಡ ಕೆಳಗಾಗಿರುತ್ತದೆ. ನಮ್ಮದರಲ್ಲಿ ಅದು ಸರಿಯಾಗೇ ಇತ್ತು. ಎರಡನೆಯದು, ಒಳಗಿನ ಹಿಡಿಯನ್ನು ಎಳೆದಾಗ ಕೈಗೆ ಏನು ಅನಿಸುತ್ತದೆ ಅನ್ನುವುದು. ಪಕ್ಕದ ಬಾಗಿಲಿನ ಹಿಡಿ ಎಳೆದರೆ ಒಂದು ಬಿಗಿ ಇತ್ತು. ಇದರದ್ದು ಜೊಳ್ಳು, ಸುಮ್ಮನೆ ಬಂದು ಸುಮ್ಮನೆ ಹೋಗುತ್ತಿತ್ತು. ಹಿಡಿಯಿಂದ ಲಾಕಿಗೆ ಹೋಗುವ ಕೇಬಲ್ ಎಲ್ಲೋ ಕಳಚಿದೆ ಅಂತ ಅದರಲ್ಲೇ ಅರ್ಧ ತಿಳಿಯಿತು. ಮೂರನೆಯದು, ರಿಮೋಟ್ ಒತ್ತಿದಾಗ ಬಾಗಿಲಿಗೆ ಕಿವಿ ಇಟ್ಟು ಕೇಳುವುದು. ಮೂರು ಬಾಗಿಲಲ್ಲಿ ಗಟ್ಟಿಯಾಗಿ ‘ಟಕ್’. ಇದರಲ್ಲಿ ಮೊದಲು ಒಂದು ನರಳಿಕೆ, ಆಮೇಲೆ ಸಣ್ಣಗೆ ‘ಟಕ್’. ಲಾಕ್ ಮೋಟರೂ ಸುಸ್ತಾಗಿತ್ತು.

ಗಾಜನ್ನು ಪೂರ್ತಿ ಮೇಲೇರಿಸಿ ಟೇಪ್ ಹಚ್ಚಿ, ಆಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಕಳಚಿಟ್ಟು ಕೆಲಸ ಶುರು ಮಾಡಿದೆ. ಸ್ಕ್ರೂಗಳು ಕಣ್ಣಿಗೆ ಕಾಣುವ ಹಾಗೆ ಇರುವುದಿಲ್ಲ. ಹಿಡಿಯ ಹಿಂದಿನ ಗುಳಿಯಲ್ಲಿ ಒಂದು ಪುಟ್ಟ ಮುಚ್ಚಳದಡಿ ಒಂದು, ಕೈ ಊರುವ ಜಾಗದ ತಳದಲ್ಲಿ ಒಂದು. ಅವನ್ನು ತೆಗೆದ ಮೇಲೆ ಡೋರ್ ಪ್ಯಾಡನ್ನು, ಅಂದರೆ ಬಾಗಿಲಿನ ಒಳಮೈಯ ಹೊದಿಕೆಯನ್ನು, ಸುತ್ತ ಹಿಡಿದಿರುವುದು ಪ್ಲಾಸ್ಟಿಕ್ ಕ್ಲಿಪ್ಪುಗಳು ಮಾತ್ರ. ಕೆಳಗಿನ ಮೂಲೆಯಿಂದ ಶುರು ಮಾಡಿ, ಅಗಲವಾದ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಕ್ಲಿಪ್ ಇರುವ ಜಾಗದ ಹತ್ತಿರವೇ ಎಳೆಯಬೇಕು. ದೂರದಿಂದ ಎಳೆದರೆ ಪ್ಯಾಡ್ ಮುರಿಯುತ್ತದೆ. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿದರೆ ಬಣ್ಣ ಕೆತ್ತಿಬರುತ್ತದೆ. ಎಲ್ಲ ಕ್ಲಿಪ್ ಬಿಟ್ಟ ಮೇಲೆ ಮೇಲಕ್ಕೆತ್ತಿದರೆ ಕಿಟಕಿ ಅಂಚಿನಿಂದ ಪ್ಯಾಡ್ ಬಿಟ್ಟುಕೊಡುತ್ತದೆ, ಆಗ ಪವರ್ ವಿಂಡೋ ಸ್ವಿಚ್ಚಿನ ವೈರ್ ಜೋತುಬೀಳದ ಹಾಗೆ ಒಂದು ಕೈಯಲ್ಲಿ ಹಿಡಿದು ಸಾಕೆಟ್ ಬಿಡಿಸಬೇಕು.

ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ, ಕಪ್ಪು ಗೋಂದಿನಲ್ಲಿ ಅಂಟಿಸಿದ್ದು. ಇದನ್ನು ಹರಿದು ಬಿಸಾಡುವವರು ಬಹಳ. ಯಾಕೆ ಬಿಸಾಡಬಾರದು ಅಂತ ಆಮೇಲೆ ಹೇಳುತ್ತೇನೆ. ಬಾಗಿಲನ್ನು ಸ್ವಲ್ಪ ಹೊತ್ತು ಬಿಸಿಲಿಗೆ ತೆರೆದಿಟ್ಟರೆ ಗೋಂದು ಮೆತ್ತಗಾಗಿ ಹಾಳೆ ಹರಿಯದೆ ಬರುತ್ತದೆ.

ಹಾಳೆ ಸರಿಸಿ ಮೊಬೈಲ್ ಟಾರ್ಚ್ ಬಿಟ್ಟಾಗ ಕೇಬಲ್ ಸಿಕ್ಕಿತು. ಸೈಕಲ್ ಬ್ರೇಕಿಗೆ ಇರುವ ಅದೇ ಜಾತಿಯ ಕೇಬಲ್ ಇದು. ಒಳಗೆ ಉಕ್ಕಿನ ತಂತಿ, ಮೇಲೆ ಕಪ್ಪು ಕವಚ. ಇಂಥ ಕೇಬಲ್ ಎಳೆತವನ್ನು ಮುಟ್ಟಿಸಬೇಕಾದರೆ ಕವಚದ ಎರಡೂ ತುದಿ ಗಟ್ಟಿಯಾಗಿ ಕೂತಿರಬೇಕು. ನಮ್ಮ ಬಾಗಿಲಲ್ಲಿ ಲಾಕಿನ ಕಡೆಯ ತುದಿಯನ್ನು ಹಿಡಿದಿದ್ದ ಬಿಳಿ ಪ್ಲಾಸ್ಟಿಕ್ ಕ್ಲಿಪ್ ಮುರಿದಿತ್ತು. ಹಿಡಿ ಎಳೆದಾಗ ತಂತಿ ಲಾಕನ್ನು ಎಳೆಯುವ ಬದಲು ಕವಚವೇ ಜಾರಿ ಹೋಗುತ್ತಿತ್ತು. ಮುರಿದ ಚೂರು ಬಾಗಿಲಿನ ತಳದಲ್ಲಿ ಬಿದ್ದಿತ್ತು, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ದೊಡ್ಡಮ್ಮ, ಅವರ ಮನೆಗೆ ಬಂದ ನೆಂಟರು, ಆಮೇಲೆ ಅಮ್ಮ, ಇಷ್ಟು ಜನ ಇಷ್ಟು ವರ್ಷ ಹೊರಗಿನವರ ಕೈ ಕಾದದ್ದು ಇಷ್ಟಕ್ಕೆ.

ನೀರಿನ ದಾರಿ

ಕ್ಲಿಪ್ ಸಿಕ್ಕಿತು, ಬದಲಿಸಿದರೆ ಆಯಿತು ಅಂತ ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕ್ಲಿಪ್ ಯಾಕೆ ಮುರಿಯಿತು, ಮೋಟರ್ ಯಾಕೆ ನರಳುತ್ತಿದೆ ಅನ್ನುವುದಕ್ಕೆ ಅದು ಉತ್ತರವಾಗಿರಲಿಲ್ಲ. ಬಾಗಿಲಿನ ಅಂಚಿನಲ್ಲಿದ್ದ ಮೂರು ಸ್ಟಾರ್ ಸ್ಕ್ರೂ ಬಿಚ್ಚಿ, ಗಾಜು ಓಡಾಡುವ ಹಳಿಯ ಬೋಲ್ಟ್ ಸಡಿಲಿಸಿ, ಲಾಕನ್ನೇ ಹೊರಗೆ ತೆಗೆದೆ.

ಲಾಕಿನ ಒಳಗೆ ಮುಖ್ಯವಾಗಿ ಎರಡು ತುಂಡು. ಒಂದು ಕೊಕ್ಕಿನಾಕಾರದ್ದು, ಬಾಗಿಲು ಮುಚ್ಚಿದಾಗ ಗಾಡಿಯ ಮೈಯ ಕಂಬದ ಮೇಲಿರುವ ಕೊಂಡಿ ಅದರ ಬಾಯಿಗೆ ಬಡಿದು ಅದನ್ನು ತಿರುಗಿಸುತ್ತದೆ. ಇನ್ನೊಂದು ತಡೆ, ಅದು ಸ್ಪ್ರಿಂಗಿನಿಂದ ಬಿದ್ದು ಕೊಕ್ಕು ಹಿಂದೆ ತಿರುಗದಂತೆ ಹಿಡಿಯುತ್ತದೆ. ಕೊಕ್ಕಿನ ಮೇಲೆ ಎರಡು ಕಚ್ಚು ಇರುತ್ತವೆ. ಬಾಗಿಲನ್ನು ಮೆಲ್ಲಗೆ ಒತ್ತಿದಾಗ ‘ಟಕ್’ ಅಂದು ಅರ್ಧ ಕೂರುತ್ತದಲ್ಲ, ಅದು ಮೊದಲನೆಯ ಕಚ್ಚು. ಪೂರ್ತಿ ಮುಚ್ಚದ ಬಾಗಿಲು ಕೂಡ ರಸ್ತೆಯಲ್ಲಿ ಹಾರಿ ತೆರೆಯಬಾರದು ಅಂತ ಯಾರೋ ಯೋಚಿಸಿ ಇಟ್ಟ ಎರಡನೆಯ ಅವಕಾಶ ಅದು. ನಾವು ಹಿಡಿ ಎಳೆದಾಗ ಆಗುವುದೆಲ್ಲ ಆ ತಡೆಯನ್ನು ಪಕ್ಕಕ್ಕೆ ಸರಿಸುವುದು ಅಷ್ಟೇ. ಬೆರಳಿನಿಂದ ಒತ್ತಿದರೆ ಸರಿಯಬೇಕು. ಇದನ್ನು ಹೆಬ್ಬೆರಳಿನಿಂದ ಒತ್ತಿದರೂ ಸರಿಯಲಿಲ್ಲ. ಫ್ಯಾಕ್ಟರಿಯಲ್ಲಿ ಹಾಕಿದ ಗ್ರೀಸ್ ಕಂದು ಮೇಣವಾಗಿ, ಕೆಂಪು ಧೂಳನ್ನು ಹಿಡಿದುಕೊಂಡು ಗಟ್ಟಿಯಾಗಿತ್ತು. ಅಂಚಿನಲ್ಲಿ ತುಕ್ಕು. ತಡೆ ಸರಿಯದಿದ್ದಾಗ ಕೂತವರು ಹಿಡಿಯನ್ನು ಜೋರಾಗಿ ಎಳೆದಿರುತ್ತಾರೆ, ಆ ಬಲವೆಲ್ಲ ಪ್ಲಾಸ್ಟಿಕ್ ಕ್ಲಿಪ್ಪಿನ ಮೇಲೆ ಬಿದ್ದಿದೆ. ಮೋಟರೂ ಅದೇ ಬಿಗಿಯ ವಿರುದ್ಧ ಪ್ರತಿ ಸಲ ತಿಣುಕಿದೆ.

ಹಾಗಾದರೆ ನಾಲ್ಕು ಬಾಗಿಲಲ್ಲಿ ಇದಕ್ಕೆ ಮಾತ್ರ ಯಾಕೆ? ಬಾಗಿಲಿನ ತಳ ಮುಟ್ಟಿ ನೋಡಿದಾಗ ಗೊತ್ತಾಯಿತು. ಅಲ್ಲಿ ಒದ್ದೆ ಗೋಡು ಕೂತಿತ್ತು.

ಕಾರಿನ ಬಾಗಿಲಿನೊಳಗೆ ನೀರು ಹೋಗಬಾರದು ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದೇವೆ. ನಿಜ ಏನೆಂದರೆ, ಗಾಜಿನ ಮೇಲೆ ಬಿದ್ದ ಮಳೆನೀರಿನ ಒಂದಷ್ಟು ಭಾಗ ರಬ್ಬರ್ ಪಟ್ಟಿಯ ಸಂದಿಯಿಂದ ಒಳಗೆ ಇಳಿಯುತ್ತದೆ, ಇಳಿಯಲಿ ಅಂತಲೇ ಬಾಗಿಲನ್ನು ಮಾಡಿರುತ್ತಾರೆ. ಇಳಿದ ನೀರು ತಳದ ಅಂಚಿನಲ್ಲಿರುವ ಸಣ್ಣ ಕಿಂಡಿಗಳಿಂದ ಹೊರಗೆ ಹೋಗಬೇಕು. ಆ ಪ್ಲಾಸ್ಟಿಕ್ ಹಾಳೆ ಇರುವುದು ನೀರು ಗಾಡಿಯ ಒಳಭಾಗಕ್ಕೆ, ಕಾರ್ಪೆಟ್ಟಿಗೆ ದಾಟದ ಹಾಗೆ ತಡೆಯಲಿಕ್ಕೆ. ಆಗುಂಬೆಯಂಥ, ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರು ಇರುವ ಜಿಲ್ಲೆಯಲ್ಲಿ ಈ ಕಿಂಡಿಗಳು ಎಷ್ಟು ಕೆಲಸ ಮಾಡಬೇಕು ಯೋಚಿಸಿ. ದೊಡ್ಡಪ್ಪನ ಮನೆಯಲ್ಲಿ ಗಾಡಿ ನಿಲ್ಲುತ್ತಿದ್ದದ್ದು ಮಾವಿನಮರದ ಪಕ್ಕ, ಎಡಮಗ್ಗುಲು ಮರದ ಕಡೆಗೆ. ಹೂವಿನ ಉದುರು, ಎಲೆಯ ತೊಟ್ಟು, ಬೇಸಿಗೆಯ ಕೆಂಪು ಧೂಳು ಎಲ್ಲ ಸಂದಿಯಿಂದ ಇಳಿದು ತಳದಲ್ಲಿ ಕೂತು ಕಿಂಡಿಗಳನ್ನು ಮುಚ್ಚಿದ್ದವು. ನೀರು ಹೊರಗೆ ಹೋಗದೆ ನಿಂತಿತು, ಆ ತೇವದಲ್ಲಿ ಲಾಕು ಮಳೆಗಾಲ ಪೂರ್ತಿ ಬೆಂದಿತು.

ಹಳೆ ಬ್ರಶ್ಶಿನ ಹಿಂದಿನ ಕಡ್ಡಿಯಿಂದ ಕಿಂಡಿ ಚುಚ್ಚಿದಾಗ ಕಪ್ಪು ನೀರು ಒಂದೇ ಸಮನೆ ಸುರಿಯಿತು. ಇಡೀ ರಿಪೇರಿಯಲ್ಲಿ ಬಹಳ ಮುಖ್ಯವಾದ ಕೆಲಸ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಹೊಸ ಲಾಕ್ ಹಾಕಿ ಕಿಂಡಿ ಮುಚ್ಚಿದ ಹಾಗೇ ಬಿಟ್ಟಿದ್ದರೆ ಕೆಲವು ಮಳೆಗಾಲಗಳಲ್ಲಿ ಹೊಸದೂ ಹೀಗೇ ಆಗುತ್ತಿತ್ತು.

ಆಟೋ ಕಾಂಪ್ಲೆಕ್ಸಿನಲ್ಲಿ

ಲಾಕನ್ನು ಡೀಸೆಲ್ಲಿನಲ್ಲಿ ನೆನೆಸಿ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ಒಣಗಿಸಿದ ಮೇಲೆ ತಡೆ ಬೆರಳ ತುದಿಯಲ್ಲಿ ಸರಿಯತೊಡಗಿತು. ಇನ್ನು ಬೇಕಾದದ್ದು ಒಂದು ಕೇಬಲ್, ಒಂದು ಮೋಟರ್.

ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ವಿಚಾರಿಸಿದಾಗ ಬಂದ ಉತ್ತರ, “ಮೇಡಂ, ಕೇಬಲ್ ಸಪರೇಟ್ ಬರಲ್ಲ, ಮೋಟರ್ ಸಪರೇಟ್ ಬರಲ್ಲ, ಇಡೀ ಸೆಟ್ಟೇ ಬದಲಿಸಬೇಕು.” ಲೇಬರ್ ಸೇರಿ ಐದು ಸಾವಿರ ದಾಟುವ ಲೆಕ್ಕ. ಹೇಳಿದ ಹುಡುಗನ ಮೇಲೆ ನನಗೇನೂ ಬೇಸರವಿಲ್ಲ, ಅವನ ಕಂಪ್ಯೂಟರಿನಲ್ಲಿ ಇದ್ದದ್ದೇ ಅಷ್ಟು. ಆದರೆ ಒಂದು ಮುರಿದ ಪ್ಲಾಸ್ಟಿಕ್ ಚೂರಿಗೆ ಐದು ಸಾವಿರ ಅಂದಾಗ ಜನ “ಇರಲಿ ಬಿಡಿ, ಹೊರಗಿಂದ ತೆಗೆದರಾಯ್ತು” ಅನ್ನುವುದರಲ್ಲಿ ಆಶ್ಚರ್ಯವಿಲ್ಲ. ಹಿಂದಿನ ಸೀಟಿನವರು ಕಾಯುವುದಕ್ಕೆ ಇದೂ ಒಂದು ಕಾರಣ.

ಬಿಡಿಭಾಗಗಳ ಈ ತಕರಾರು ಹಳೆಯದು. 2014ರ ಆಗಸ್ಟಿನಲ್ಲಿ, ಮಾರುಕಟ್ಟೆಯ ಸ್ಪರ್ಧೆಯನ್ನು ನೋಡಿಕೊಳ್ಳುವ ಕಾಂಪಿಟಿಷನ್ ಕಮಿಷನ್ ಆಫ್ ಇಂಡಿಯಾ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಬಿಡಿಭಾಗ, ರಿಪೇರಿಯ ಮಾಹಿತಿ, ಉಪಕರಣಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಮುಕ್ತವಾಗಿ ಸಿಗದಂತೆ ಇಟ್ಟುಕೊಂಡಿದ್ದಾರೆ ಅನ್ನುವುದು ಆ ಆದೇಶದ ತಿರುಳು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ವಾಹನಗಳನ್ನೂ ಅದರೊಳಗೆ ಸೇರಿಸಿತು, ಆ ವರ್ಷದ ಡಿಸೆಂಬರ್ 24ರಂದು ಒಂದು ಪೋರ್ಟಲ್ಲನ್ನೂ ತೆರೆಯಿತು. ಅದರಿಂದ ನಮ್ಮಂಥ ಊರಿನವರ ಕೈಗೆ ಒಂದು ಕೇಬಲ್ ಸಿಗುವ ದಿನ ಬರಲಿ ಅಂತ ನಿಜವಾಗಿಯೂ ಬಯಸುತ್ತೇನೆ.

ಸದ್ಯಕ್ಕೆ ನಮಗೆ ದಾರಿ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್. ಗುಜರಿ ಗಾಡಿಗಳ ಬಾಗಿಲುಗಳನ್ನು ಗೋಡೆಗೆ ಒರಗಿಸಿಟ್ಟ ಒಂದು ಅಂಗಡಿಯಲ್ಲಿ ನಾನು ಹಳೆ ಲಾಕನ್ನು ಟೇಬಲ್ ಮೇಲಿಟ್ಟೆ. ಅಂಗಡಿಯವರು ವಯಸ್ಸಾದವರು, ಕನ್ನಡಕ ಹಣೆಗೇರಿಸಿ ಲಾಕನ್ನು ಕೈಯಲ್ಲಿ ತಿರುಗಿಸಿ ನೋಡಿದರು. ತಡೆಯನ್ನು ಬೆರಳಿನಿಂದ ಎರಡು ಸಲ ಸರಿಸಿದರು.

“ಯಾರು ತೊಳೆದದ್ದು ಇದನ್ನ?”

“ನಾನೇ.”

“ಚೆನ್ನಾಗಿ ತೊಳೆದಿದ್ದೀರಮ್ಮ. ಬಹಳ ಜನ ಮೇಲಿಂದ ಸ್ಪ್ರೇ ಹೊಡೀತಾರೆ, ಎರಡು ತಿಂಗಳು ನಡೆಯುತ್ತೆ, ಆಮೇಲೆ ಮತ್ತೆ ಅದೇ. ಸ್ಪ್ರೇ ತುಕ್ಕು ಬಿಡಿಸುತ್ತೆ, ಆದ್ರೆ ಉಳಿಯಲ್ಲ, ಹಾರಿಹೋಗುತ್ತೆ. ಬಿಳಿ ಗ್ರೀಸ್ ಹಾಕಿ. ಜಾಸ್ತಿ ಬೇಡ. ಕೀ ಹಾಕೋ ತೂತಿಗೆ ಮಾತ್ರ ಗ್ರೀಸ್ ಹಾಕಬೇಡಿ, ಧೂಳು ಹಿಡಿಯುತ್ತೆ, ಅದಕ್ಕೆ ಗ್ರಾಫೈಟ್ ಪುಡಿ.”

ಒಂದು ಬಾಗಿಲಿನೊಳಗೆ ಕೈ ಹಾಕಿ ಕಣ್ಣಿಂದ ನೋಡದೆಯೇ, ಬೆರಳಿನ ಸ್ಪರ್ಶದಲ್ಲೇ ಕೇಬಲ್ ಬಿಡಿಸಿ ತೆಗೆದರು. ಅದರ ಬಿಳಿ ಕ್ಲಿಪ್ಪನ್ನು ಉಗುರಿನಿಂದ ಬಗ್ಗಿಸಿ, ಅದು ಬಿರುಕು ಬಿಡದೆ ಹಿಂದಕ್ಕೆ ಬಂದದ್ದನ್ನು ನನಗೆ ತೋರಿಸಿ, ಆಮೇಲೆ ಕೊಟ್ಟರು. ಮೋಟರ್ ಅಂದಾಗ ಮೋಟರ್ ಇರುವ ಡಬ್ಬಿಯನ್ನು ನನ್ನ ಮುಂದೆಯೇ ಬಿಚ್ಚಿದರು. ಒಳಗೆ ಹೆಬ್ಬೆರಳಿನ ಗಾತ್ರದ 12 ವೋಲ್ಟಿನ ಮೋಟರ್, ತುದಿಯಲ್ಲಿ ತಿರುಪಿನಾಕಾರದ ಹಲ್ಲು, ಅದಕ್ಕೆ ಕೂಡಿಕೊಂಡ ಪ್ಲಾಸ್ಟಿಕ್ ಗೇರ್. ಕರೆಂಟ್ ಒಂದು ದಿಕ್ಕಿನಲ್ಲಿ ಬಂದರೆ ಲಾಕ್, ಉಲ್ಟಾ ಬಂದರೆ ಅನ್‌ಲಾಕ್. ಮೋಟರಿನ ಬ್ರಶ್ ಸವೆದು ಇಂಗಾಲದ ಕಪ್ಪು ಪುಡಿ ತುಂಬಿತ್ತು. ಅದೇ ಅಳತೆಯ ಹೊಸ ಮೋಟರ್ ಇನ್ನೂರು ರೂಪಾಯಿ ಒಳಗೆ ಸಿಕ್ಕಿತು. ಇಂಥ ಮೋಟರ್‌ಗಳು ಬೇರೆ ಬೇರೆ ಕಂಪನಿಯ ಗಾಡಿಗಳಿಗೆ ಒಂದೇ ಅಳತೆಯಲ್ಲಿ ಬರುತ್ತವೆ ಅಂತ ಅವರು ಹೇಳಿದರು. “ಮನೆಗೆ ಹೋಗಿ ಹಾಕೋ ಮುಂಚೆ ವೈರ್ ನೋಡ್ಕೊಳ್ಳಿ” ಅಂತಲೂ ಅಂದರು. ಬಾಗಿಲು ಮತ್ತು ಕಂಬದ ನಡುವಿನ ರಬ್ಬರ್ ಕೊಳವೆಯೊಳಗೆ ವೈರುಗಳು ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಬಗ್ಗುತ್ತವೆ, ಒಳಗೇ ತುಂಡಾಗುತ್ತವೆ, ಮೋಟರ್ ಸತ್ತಿದೆ ಅಂತ ಎಲ್ಲರೂ ಮೋಟರ್ ಬದಲಿಸುತ್ತಾರೆ. ನಮ್ಮದರಲ್ಲಿ ವೈರ್ ಚೆನ್ನಾಗಿತ್ತು. ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟು ರಿಮೋಟ್ ಒತ್ತಿಸಿದಾಗ 12ರ ಆಸುಪಾಸಿನ ಅಂಕಿ ಒಂದು ಕ್ಷಣ ಮಿನುಗಿ ಹೋಯಿತು, ಇನ್ನೊಮ್ಮೆ ಒತ್ತಿದಾಗ ಅದೇ ಅಂಕಿ ಮೈನಸ್ ಚಿಹ್ನೆಯೊಂದಿಗೆ ಬಂತು.

ಬಾಗಿಲು ಮುಚ್ಚುವ ಮುಂಚೆ

ನೀವು ಈ ಕೆಲಸಕ್ಕೆ ಕೈ ಹಾಕುವುದಾದರೆ ಒಂದು ಮಾತನ್ನು ಮಾತ್ರ ಮರೆಯಬೇಡಿ. ಲಾಕನ್ನು ಮತ್ತೆ ಕೂರಿಸಿದ ಮೇಲೆ ಬಾಗಿಲನ್ನು ಮುಚ್ಚಿ ಪರೀಕ್ಷಿಸಬಾರದು. ಏನಾದರೂ ತಪ್ಪಾಗಿ ಕೂತಿದ್ದರೆ ಮುಚ್ಚಿದ ಬಾಗಿಲು ಒಳಗಿಂದಲೂ ತೆರೆಯುವುದಿಲ್ಲ, ಹೊರಗಿಂದಲೂ ತೆರೆಯುವುದಿಲ್ಲ, ಪ್ಯಾಡ್ ಬಿಚ್ಚಲೂ ಜಾಗ ಇರುವುದಿಲ್ಲ. ಬಾಗಿಲು ತೆರೆದೇ ಇರುವಾಗ ಸ್ಕ್ರೂಡ್ರೈವರ್ ತುದಿಯಿಂದ ಕೊಕ್ಕನ್ನು ಒತ್ತಿ ಎರಡು ‘ಟಕ್’ ಬರುವವರೆಗೆ ತಿರುಗಿಸಿ. ಈಗ ಲಾಕಿನ ಪಾಲಿಗೆ ಬಾಗಿಲು ಮುಚ್ಚಿದ ಹಾಗೆ. ಒಳಗಿನ ಹಿಡಿ ಎಳೆಯಿರಿ, ಕೊಕ್ಕು ಚಿಮ್ಮಿ ಬಿಡಬೇಕು. ಮತ್ತೆ ಒತ್ತಿ, ಹೊರಗಿನ ಹಿಡಿ ಎಳೆಯಿರಿ. ಮತ್ತೆ ಒತ್ತಿ, ರಿಮೋಟಿನಿಂದ ಲಾಕ್ ಮಾಡಿ, ಹಿಡಿ ಕೆಲಸ ಮಾಡಬಾರದು, ಅನ್‌ಲಾಕ್ ಮಾಡಿದರೆ ಮಾಡಬೇಕು. ಚೈಲ್ಡ್ ಲಾಕ್ ಹಾಕಿ ನೋಡಿ, ತೆಗೆದು ನೋಡಿ. ಎಲ್ಲ ಸರಿ ಅನಿಸಿದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಅದೇ ಗೋಂದಿನ ಮೇಲೆ ಬೆರಳಿನಿಂದ ಒತ್ತಿ ಅಂಟಿಸಿ, ಕೆಳಗಿನ ಅಂಚನ್ನು ಮತ್ತೊಮ್ಮೆ ಒತ್ತಿ, ಆಮೇಲೆ ಪ್ಯಾಡ್.

ಪ್ಯಾಡ್ ಕೂರಿಸುವ ಹೊತ್ತಿಗೆ ಅಮ್ಮ ಕಾಫಿ ಲೋಟ ಹಿಡಿದು ಬಂದು ಜಗಲಿಯ ಮೇಲೆ ಕೂತಿದ್ದರು. “ಅಲ್ಲಿ ಯಾರೂ ನೋಡದ ಜಾಗಕ್ಕೆ ಅಷ್ಟೊಂದು ಒರೆಸ್ತೀಯಲ್ಲೇ” ಅಂದರು. ಅವರನ್ನೇ ಕರೆದು ಹಿಂದಿನ ಸೀಟಿನಲ್ಲಿ ಕೂರಿಸಿದೆ. ಬಾಗಿಲು ಹಾಕಿದೆ. ಅವರು ರೂಢಿಯಂತೆ ಗಾಜಿನ ಸ್ವಿಚ್ಚಿಗೆ ಕೈ ಚಾಚಿದರು. ಅದಲ್ಲ, ಹಿಡಿ ಎಳಿ ಅಂತ ಸನ್ನೆ ಮಾಡಿದೆ. ಎರಡು ಬೆರಳಲ್ಲಿ ಎಳೆದರು. ಬಾಗಿಲು ತೆರೆದಾಗ ಏನೂ ಹೇಳಲಿಲ್ಲ, ಇಳಿಯಲೂ ಇಲ್ಲ. ತಾವೇ ಬಾಗಿಲು ಎಳೆದುಕೊಂಡು ಮುಚ್ಚಿ, ಇನ್ನೊಮ್ಮೆ ತೆರೆದು ನೋಡಿದರು. ಆಮೇಲೆ, “ಮುಂದಿನ ವಾರ ಶಿವಮೊಗ್ಗಕ್ಕೆ ಕಣ್ಣಿನ ಡಾಕ್ಟರ ಹತ್ರ ನಾನೂ ಬರ್ತೀನಿ, ನೀವಿಬ್ರೂ ರಜೆ ಹಾಕೋದು ಬೇಡ, ಒಬ್ರು ಬಂದ್ರೆ ಸಾಕು” ಅಂದರು. ಇಷ್ಟು ದಿನ ಇಬ್ಬರೂ ಜೊತೆಗಿರಬೇಕು ಅಂತ ಅವರು ಹಟ ಹಿಡಿಯುತ್ತಿದ್ದದ್ದು ಯಾಕೆ ಅಂತ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಒಬ್ಬರು ಔಷಧಿ ತರಲು ಇಳಿದು ಹೋದರೆ ತಾನು ಗಾಡಿಯೊಳಗೆ ಒಬ್ಬಳೇ ಉಳಿಯಬೇಕಾಗುತ್ತದೆ ಅನ್ನುವ ಭಯ ಅವರಿಗಿತ್ತು.

ಉಳಿದ ಮೂರು ಬಾಗಿಲುಗಳ ಕಿಂಡಿಗಳನ್ನೂ ಅದೇ ಸಂಜೆ ಚುಚ್ಚಿ ನೋಡಿದೆ. ಬಲಗಡೆ ಹಿಂದಿನದರಲ್ಲಿ ಒಂದು ಕಿಂಡಿ ಅರ್ಧ ಮುಚ್ಚಿತ್ತು, ಮೋಟರಿನ ಸದ್ದೂ ಮೊದಲಿನಷ್ಟು ಗಟ್ಟಿಯಿಲ್ಲ. ಎಡ ಬಲದ ಲಾಕುಗಳು ಒಂದಕ್ಕೊಂದು ಕೂರುವುದಿಲ್ಲ, ಮೋಟರ್ ಮಾತ್ರ ಎರಡಕ್ಕೂ ಒಂದೇ, ಹಾಗಾಗಿ ಇನ್ನೊಂದು ತರಿಸಿಟ್ಟಿದ್ದೇನೆ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಬೇರೆ ಇದೆ. ನಮ್ಮ ಬೀದಿಯಲ್ಲಿ ಶಾಲೆ ಮಕ್ಕಳನ್ನು ಕರೆದೊಯ್ಯುವ ವ್ಯಾನಿನವರು ನಾನು ಬಾಗಿಲು ಬಿಚ್ಚಿದ್ದು ನೋಡಿ ಬಂದು ವಿಚಾರಿಸಿದರು. ಅವರ ವ್ಯಾನಿನ ಜಾರುವ ಬಾಗಿಲು ಒಳಗಿಂದ ತೆರೆಯುವುದಿಲ್ಲವಂತೆ, “ನಾನೇ ಇಳಿದು ತೆಗೀತೀನಲ್ಲ ಅಕ್ಕ, ಮಕ್ಕಳಿಗೆ ಅದೇ ಸೇಫು” ಅಂದರು. ಚೈಲ್ಡ್ ಲಾಕಿಗೂ ಮುರಿದ ಲಾಕಿಗೂ ಇರುವ ವ್ಯತ್ಯಾಸ ಹೇಳಿದೆ, ಹಳೆ ಕ್ಲಿಪ್ಪಿನ ಚೂರನ್ನು ತೋರಿಸಿದೆ. ಈ ಭಾನುವಾರ ಬೆಳಿಗ್ಗೆ ವ್ಯಾನ್ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸುವುದಾಗಿ ಒಪ್ಪಿಕೊಂಡಿದ್ದಾರೆ.